ಓತ್ವ ಎಲ್ಲಿ ಹೋಯ್ತು?

ಮುಳಬಾಗಿಲು. ಸಂಜೆ. ಹೋದ ಕರೆಂಟು ಈಗಷ್ಟೇ ಬಂದಿದೆ. ನೀವು ಲ್ಯಾಪ್‌ಟಾಪ್ ತೆರೆದು ಪಿ5.ಜೆಎಸ್ ಎಡಿಟರ್‌ಗೆ ಹೋಗುತ್ತೀರಿ. ಅಲ್ಲಿ ಮೊದಲೇ ನಾಲ್ಕಾರು ಸಾಲು ಬರೆದಿಟ್ಟಿದ್ದಾರೆ: 400ಕ್ಕೆ 400ರ ಹಾಳೆ, ಬಣ್ಣ 220. ಪ್ಲೇ ಒತ್ತಿದರೆ ತಿಳಿಬೂದು ಚೌಕ. ಚಿತ್ರ ಬಿಡಿಸುವವರಿಗೂ ಕೋಡ್ ಕೈಗೆಟುಕಲಿ ಎಂದು ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಪ್ರೊಸೆಸಿಂಗ್ ಎಂಬ ಸಾಧನ ಶುರು ಮಾಡಿದರು. 2013ರಲ್ಲಿ ಅದೇ ಆಸೆಯನ್ನು ಪಿ5.ಜೆಎಸ್ ಎಂಬ ಲೈಬ್ರರಿಯಾಗಿ ಬ್ರೌಸರ್‌ಗೆ ತಂದವರು ಲಾರೆನ್ ಮೆಕಾರ್ಥಿ. ದುಡ್ಡು ಕೊಡಬೇಕಿಲ್ಲ.

ನಿಮ್ಮ ಸೀಮೆಯ ನಾಲ್ಕು ಊರುಗಳ ಹೆಸರು ನಾಲ್ಕು ವೃತ್ತಗಳಲ್ಲಿ ತಿರುಗಬೇಕು. ಕೋಲಾರಕ್ಕೆ ಟೊಮೆಟೊ ಕೆಂಪು, ಮಾಲೂರಿಗೆ ಹೆಂಚಿನ ಬಣ್ಣ, ಮುಳಬಾಗಿಲಿಗೆ ದೋಸೆಯ ಹೊಂಬಣ್ಣ, ಶ್ರೀನಿವಾಸಪುರಕ್ಕೆ ಮಾವಿನ ಹಳದಿ. ಹೆಸರನ್ನು ಬಿಡಿ ಅಕ್ಷರ ಮಾಡಲು ಸ್ಪ್ಲಿಟ್ ಎಂದು ಬರೆದು ಮತ್ತೆ ಪ್ಲೇ ಒತ್ತುತ್ತೀರಿ.

ಕೋಲಾರಕ್ಕೆ ಮೂರೇ ಅಕ್ಷರ. ಪರದೆಯಲ್ಲಿ ಐದು ತುಂಡು ತಿರುಗುತ್ತಿವೆ. ಬರೀ ಕ. ಆಮೇಲೆ ಚುಕ್ಕಿಗಳ ಒಂದು ಉಂಗುರ, ಅದಕ್ಕೆ ಜೋತುಬಿದ್ದ ಓತ್ವ. ಲ. ಮತ್ತೊಂದು ಉಂಗುರ, ಅದಕ್ಕೊಂದು ಇಳಿ. ರ.

ಬೆನ್ನ ಹಿಂದೆ ನಿಂತ ತಮ್ಮ ಈಗ ಕಾಗುಣಿತ ಕಲಿಯುತ್ತಿದ್ದಾನೆ. “ಅಕ್ಕಾ, ಕ-ದ ಓತ್ವ ಎಲ್ಲಿ ಹೋಯ್ತು?”

ಯೂನಿಕೋಡ್‌ನಲ್ಲಿ ವ್ಯಂಜನಕ್ಕೊಂದು ಸಂಖ್ಯೆ, ಗುಣಿತದ ಚಿಹ್ನೆಗೇ ಬೇರೊಂದು. ಸ್ಪ್ಲಿಟ್ ಅವೆರಡನ್ನೂ ಬೇರ್ಪಡಿಸಿಬಿಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಇಂಟ್ಲ್.ಸೆಗ್ಮೆಂಟರ್ ಎಂಬ ಸಾಧನವಿದೆ; ಅದನ್ನು ಹಾಕಿದ ಮೇಲೆ ಕೋ, ಲಾ, ರ ಸರಿಯಾಗಿ ಬರುತ್ತವೆ.

ಇಲ್ಲಿಗೇ ಬಿಡಬಹುದಿತ್ತು. ಆದರೆ ಲೈಬ್ರರಿಯೂ ಹೀಗೇ ಮಾಡುತ್ತದೆಯೇ ಎಂಬ ಅನುಮಾನ. ಕಿರಿದಾದ ಚೌಕಟ್ಟಿನಲ್ಲಿ ಕನ್ನಡ ಹಾಕಿ, ಟೆಕ್ಸ್ಟ್‌ವ್ರ್ಯಾಪ್‌ಗೆ ಕ್ಯಾರ್, ಅಂದರೆ ಯಾವ ಅಕ್ಷರದ ಬಳಿಯಾದರೂ ಸಾಲು ಮುರಿ, ಎನ್ನುತ್ತೀರಿ. ವ್ಯಂಜನ ಮೇಲಿನ ಸಾಲಿನಲ್ಲಿ ಉಳಿಯಿತು, ಗುಣಿತ ಕೆಳಗಿನ ಸಾಲಿಗೆ ಬಿತ್ತು. ಗಿಟ್‌ಹಬ್‌ನಲ್ಲಿ 1.x ಆವೃತ್ತಿಯ ಮೂಲ ಹುಡುಕಿದರೆ, ನೀವು ಬರೆದಿದ್ದ ಅದೇ ಸ್ಪ್ಲಿಟ್ ಕಣ್ಣಿಗೆ ಬೀಳುತ್ತದೆ. ಲೋಕವೆಲ್ಲ ಬಳಸುವ ಕೋಡ್ ನಿಮಗೆ ಅರ್ಥವಾಗುತ್ತಿದೆ!

ತಿದ್ದಲು ಕೈ ತುರಿಸುತ್ತದೆ. ತಾಳಿ. ಕೋಡ್ ಕಳಿಸುವ ಮೊದಲು ಇಶ್ಯೂ ಎಂಬ ದೋಷವರದಿ ಬರೆಯಿರಿ, ಒಪ್ಪಿಗೆ ಸಿಕ್ಕ ಮೇಲೆ ಕೆಲಸ ಹಿಡಿಯಿರಿ ಎನ್ನುತ್ತದೆ ಅಲ್ಲಿನ ಮಾರ್ಗದರ್ಶಿ. ಫಾರ್ಮ್‌ನಲ್ಲಿ ಪಿ5 ಆವೃತ್ತಿ, ಬ್ರೌಸರ್, ಆಪರೇಟಿಂಗ್ ಸಿಸ್ಟಮ್, ದೋಷ ಮತ್ತೆ ಕಾಣಿಸುವ ಹಂತಗಳನ್ನು ಕೇಳಿದ್ದಾರೆ. ಈ ಹಂತಗಳನ್ನು ಬರೆಯುವುದೇ ಕಷ್ಟದ ಕೆಲಸ. ಕನ್ನಡ ಓದಲು ಬಾರದವರಿಗೆ ಮುರಿದ ಕೋ ಕೂಡ ಒಂದು ಅಕ್ಷರದಂತೆಯೇ ಕಂಡೀತು. ಹಾಗಾಗಿ ಎರಡು ಚಿತ್ರ ಅಕ್ಕಪಕ್ಕ ಇಡುತ್ತೀರಿ: ಬಂದದ್ದು ಇದು, ಬರಬೇಕಾದದ್ದು ಅದು. ಆರು ಸಾಲಿನ ಸ್ಕೆಚ್ ಸಾಕು, ಸರಳ ಇಂಗ್ಲಿಷ್ ಸಾಕು. ದೋಷ ತೋರಿಸಿಕೊಟ್ಟವರನ್ನೂ ಅನುವಾದ ಮಾಡಿದವರನ್ನೂ ಕೋಡ್ ಬರೆದವರ ಜೊತೆಯಲ್ಲೇ ಹೆಸರಿಸುವ ಯೋಜನೆ ಇದು. ತಮ್ಮನ ಪ್ರಶ್ನೆ ಅಲ್ಲಿಗೆ ಹೋಗಲು ಯೋಗ್ಯವಾದದ್ದು ಎಂದೇ ನನ್ನ ನಂಬಿಕೆ.

ಸಬ್ಮಿಟ್ ಒತ್ತಿ ಸ್ಕೆಚ್‌ಗೆ ಮರಳುತ್ತೀರಿ. ಮಾಲೂರು ಸರಿ. ಮುಳಬಾಗಿಲು ಸರಿ. ಶ್ರೀನಿವಾಸಪುರ ಮಾತ್ರ ಆರರ ಬದಲು ಏಳು ತುಂಡಾಗಿದೆ: ಶ್ ಒಂದು ಕಡೆ, ರೀ ಇನ್ನೊಂದು ಕಡೆ. ಸೆಗ್ಮೆಂಟರ್‌ಗೂ ಕನ್ನಡದ ಒತ್ತಕ್ಷರ ಗೊತ್ತಿಲ್ಲ.

ಅಡುಗೆಮನೆಯಿಂದ ಅಮ್ಮ ತೆಲುಗಿನಲ್ಲಿ ಊಟಕ್ಕೆ ಕರೆಯುತ್ತಾರೆ. ಥಟ್ಟನೆ ಅದೇ ಹೆಸರನ್ನು ತೆಲುಗು ಲಿಪಿಯಲ್ಲಿ ಟೈಪಿಸುತ್ತೀರಿ. ಶ್ರೀ ಒಡೆಯುವುದಿಲ್ಲ! ಸೆಗ್ಮೆಂಟರ್ ಪಾಲಿಸುವುದು ಯೂನಿಕೋಡ್ ನಿಯಮಗಳನ್ನು. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯಬಾರದೆಂಬ ನಿಯಮ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ.

ಇದು ಪಿ5ನವರ ಕೈಯಲ್ಲಿಲ್ಲ. ಯೂನಿಕೋಡ್‌ಗೇ ಬರೆಯಬೇಕು, ಯಾರು ಬೇಕಾದರೂ ಬರೆಯಬಹುದು. ಊಟ ಮುಗಿಸಿ ಬಂದು ಮೊದಲ ಉದಾಹರಣೆಯಾಗಿ ಶ್ರೀನಿವಾಸಪುರ ಎಂದು ಟೈಪಿಸುತ್ತೀರಿ. ಎರಡನೆಯದು, ತಮ್ಮನ ಒತ್ತಾಯಕ್ಕೆ, ಕ್ರಿಕೆಟ್.