ರಗ್ಬಿ ಆಟದ ಉಡಿಗೆ ತೊಡಿಗೆ

ನಮ್ಮ ಶಾಲೆಯ ಮೇಲಣ ತರಗತಿಗಳ ಹುಡುಗಿಯರು ರಗ್ಬಿ ಆಟವನ್ನು ಕಲಿಯಲಪೇಕ್ಷಿಸಿದರೆಂಬ ವರ್ತಮಾನವು ಆದಿತ್ಯನಗರದಲ್ಲಿ ಹಬ್ಬಿದಂದಿನಿಂದ, ಅನೇಕ ತಾಯಿತಂದೆಗಳು ನಮ್ಮನ್ನು ಕಂಡು ಒಂದೇ ಪ್ರಶ್ನೆಯನ್ನು ಕೇಳಿರುತ್ತಾರೆ. "ಅಕ್ಕೋರೇ, ಹುಡುಗಿ ಹಲ್ಲು ಮುರಕೊಂಡು ಬಂದರ ಮುಂದ ಹ್ಯಾಂಗ?" ಈ ಪ್ರಶ್ನೆಯನ್ನು ನಾವು ಹಗುರಾಗಿ ಎಣಿಸತಕ್ಕವರಲ್ಲ. ಒಬ್ಬೊಬ್ಬರಿಗೆ ಬಾಯಿಮಾತಿನಿಂದ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆಯುತ್ತೇವೆ.

ಈ ಆಟವು ನಮ್ಮ ದೇಶಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. 1872ನೆಯ ಇಸವಿಯ ಕ್ರಿಸ್ಮಸ್ ದಿನ ಕಲ್ಕತ್ತೆಯಲ್ಲಿ ಇದರ ಪಂದ್ಯವೊಂದು ನಡೆದಿತ್ತು. ಅಲ್ಲಿಯ ಸಂಘವು ಕೆಲವೇ ವರುಷಗಳಲ್ಲಿ ಮುಚ್ಚಿಹೋದಾಗ, ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನೇ ಕರಗಿಸಿ, ನಾಗರಹಾವುಗಳೇ ಹಿಡಿಕೆಗಳಾಗಿಯೂ ಆನೆಯು ಮುಚ್ಚಳದ ಮೇಲೆ ನಿಂತಿರುವಂತೆಯೂ ಒಂದು ಬಟ್ಟಲನ್ನು ಮಾಡಿಸಿದರು. ಇಂಗ್ಲೆಂಡ್, ಸ್ಕಾಟ್ಲೆಂಡ್ ದೇಶದವರು 1879ರಿಂದ ಆ ಬಟ್ಟಲಿಗಾಗಿಯೇ ಸೆಣಸುತ್ತಾರೆ. ನಮ್ಮ ದೇಶದ ಸ್ತ್ರೀಯರಾದರೋ ಹದಿನೈದು ಮಂದಿಯ ಪಂದ್ಯಕ್ಕೆ ಪರರಾಷ್ಟ್ರದವರೆದುರು ಮೊದಲು ಇಳಿದದ್ದು 2018ರಲ್ಲಿ. ಮರುವರುಷವೇ ಮನಿಲಾ ಪಟ್ಟಣದಲ್ಲಿ ಸಿಂಗಾಪುರದವರನ್ನು 21-19ರಿಂದ ಸೋಲಿಸಿದರು. ಆದಕಾರಣ "ಇದು ಹೆಂಗಸರ ಆಟವಲ್ಲ" ಎಂಬ ಮಾತಿಗೆ ನಾವು ಉತ್ತರ ಕೊಡುವ ಅವಶ್ಯವಿಲ್ಲ. ಹಲ್ಲಿನ ಪ್ರಶ್ನೆಗೆ ಮಾತ್ರ ಉತ್ತರ ಕೊಡಲೇಬೇಕು.

ರಗ್ಬಿಯಲ್ಲಿ ಬೀಳುವದೆಂಬುದು ಆಕಸ್ಮಿಕವಲ್ಲ, ಆಟದ ಒಂದು ಭಾಗವೇ. ಆದದರಿಂದ ಮೊದಲನೆಯ ರಕ್ಷಣೆಯು ಮೈಮೇಲೆ ತೊಡುವಂಥದಲ್ಲ. ಕಾಲ ಕೆಳಗಿನ ನೆಲವೇ. ನಮ್ಮ ಸೇಡಮ್ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಅಂಟಾಗಿ ಬೂಟನ್ನೇ ಹಿಡಿದುಕೊಳ್ಳುವದು, ಬೇಸಗೆಯಲ್ಲಿ ಒಡೆದು ಬಿರುಕುಬಿಟ್ಟು ಕಾಲನ್ನು ತಿರುಚುವದು. ಅದರೊಳಗೆ ಸುಣ್ಣಕಲ್ಲಿನ ಚೂರುಗಳು ಬೇರೆ. ಸಿಮೆಂಟ್ ಕಾರಖಾನೆಗೆ ಆಹಾರವಾದ ಕಲ್ಲು ಹುಡುಗಿಯ ಮೊಣಕಾಲಿಗೆ ಆಹಾರವಾಗಬಾರದಷ್ಟೆ! ಆಟಕ್ಕೆ ಮುಂಚೆ ಹುಡುಗಿಯರೆಲ್ಲರೂ ಸಾಲಾಗಿ ನಿಂತು ಬಯಲನ್ನು ಅಡ್ಡಲಾಗಿ ನಡೆದು ಕಲ್ಲು, ಗಾಜು, ಮುಳ್ಳುಗಳನ್ನು ಆಯತಕ್ಕದ್ದೆಂದು ನಾವು ನೇಮಿಸಿರುತ್ತೇವೆ. ಗುರಿಗಂಬಗಳಿಗೆ ದಪ್ಪ ಮೆತ್ತೆಯನ್ನು ಸುತ್ತಿಸಿದ್ದೇವೆ. ಬಿಸಿಲು ನಲವತ್ತು ಡಿಗ್ರಿಯನ್ನು ದಾಟುವ ತಿಂಗಳುಗಳಲ್ಲಿ ಬೆಳಗಿನ ಹೊತ್ತು ಬಿಟ್ಟರೆ ಆಟವಿಲ್ಲ.

ಬೂಟುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಫುಟ್‌ಬಾಲ್ ಬೂಟುಗಳೇ ಸಾಕು. ನಮ್ಮ ಗಟ್ಟಿ ನೆಲಕ್ಕೆ ಅಡಿಯೊಡನೆ ಒಂದಾಗಿ ಎರಕಗೊಂಡ ಗಿಡ್ಡ ರಬ್ಬರ್ ಸ್ಟಡ್ಡುಗಳು ಹಿತವಾದವು. ಸ್ಟಡ್ಡುಗಳಲ್ಲಿ ಚೂಪಾದ ಅಂಚು ಇರಕೂಡದು. ಅದನ್ನು ಬೆರಳಿನಿಂದ ಸವರಿ ನೋಡಿಯೇ ಆಡಲು ಬಿಡುತ್ತೇವೆ. ಮುಂದಣ ವರುಷಕ್ಕೂ ಆಗಲೆಂದು ದೊಡ್ಡ ಅಳತೆಯ ಬೂಟುಗಳನ್ನು ಕೊಳ್ಳುವ ನಮ್ಮೂರ ಜಾಣತನವು ಇಲ್ಲಿ ಕೆಲಸಕ್ಕೆ ಬಾರದು.

ಇನ್ನು ಹಲ್ಲಿನ ಮಾತು. ಆಟಗಾರರು ಮೌತ್‌ಗಾರ್ಡ್ ಎಂದು ಕರೆಯುವ ಕವಚವೊಂದುಂಟು. ಅದು ಮೆದುವಾದ ಪ್ಲಾಸ್ಟಿಕ್ಕಿನದು, ಮೇಲಿನ ಸಾಲಿನ ಹಲ್ಲುಗಳಿಗೆ ತೊಡಿಸುವಂಥದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಮಾಡಿಕೊಡುವದು ಅತ್ಯುತ್ತಮ. ಅದಕ್ಕೆ ಹಣ ಹೆಚ್ಚು. ಅಂಗಡಿಯಲ್ಲಿ ದೊರೆಯುವದನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಕಚ್ಚಿ, ಬೆರಳಿನಿಂದಲೂ ನಾಲಿಗೆಯಿಂದಲೂ ಒತ್ತಿದರೆ ಅದು ತಕ್ಕಮಟ್ಟಿಗೆ ಕೂಡುತ್ತದೆ. ಬಾಯಿ ತೆರೆದಾಗ ಅದು ಬೀಳಬಾರದು. ತೊಟ್ಟುಕೊಂಡೇ ಮಾತಾಡಲು ಬರಬೇಕು. ನ್ಯೂಜೀಲೆಂಡ್ ದೇಶದಲ್ಲಿ 1990ರ ದಶಕದ ಕೊನೆಯಲ್ಲಿ ಇದನ್ನು ಕಡ್ಡಾಯ ಮಾಡಿದರು. ರಗ್ಬಿಯಲ್ಲಿ ಹಲ್ಲಿಗೆ ಪೆಟ್ಟಾಯಿತೆಂದು ಪರಿಹಾರ ಬೇಡಿ ಬರುವ ಅರ್ಜಿಗಳು 1995ರಿಂದ 2003ರೊಳಗಾಗಿ ನೂರಕ್ಕೆ 43ರಷ್ಟು ಇಳಿದವೆಂದು ಅಲ್ಲಿಯವರು ಲೆಕ್ಕ ಹಾಕಿದ್ದಾರೆ. ಈ ಕವಚವಿಲ್ಲದ ಹುಡುಗಿಯು ಎಷ್ಟು ಅತ್ತರೂ ಗೆರೆಯ ಹೊರಗೇ ಕೂಡತಕ್ಕದ್ದೆಂಬುದು ನಮ್ಮ ನಿಯಮ. ಕೊಳ್ಳಲು ಅನುಕೂಲವಿಲ್ಲದವರಿಗೆ ಶಾಲೆಯ ಹಣದಿಂದ ಕೊಡಿಸುತ್ತೇವೆ.

ತಲೆಗೆ ತೊಡುವ ಮೆತ್ತೆಯ ಟೊಪ್ಪಿಗೆಯೂ ಉಂಟು. ಅದು ಮೆದುವಾದ ವಸ್ತುವಿನದಾಗಿ, ಒಂದು ಸೆಂಟಿಮೀಟರಿಗಿಂತ ದಪ್ಪವಾಗಿರಕೂಡದೆಂದು ಆಟದ ಕಾನೂನು. ಹೆಗಲ ಮೆತ್ತೆಗೂ ಅದೇ ಅಳತೆ. ಇಲ್ಲಿ ತಾಯಿತಂದೆಗಳು ಮೋಸಹೋಗಬಾರದು. ಈ ಟೊಪ್ಪಿಗೆಯು ಕಿವಿ ಉಜ್ಜಿಹೋಗುವದನ್ನೂ ನೆತ್ತಿ ಸೀಳುವದನ್ನೂ ತಡೆಯುವದು. ಮಿದುಳು ಅಲುಗುವದನ್ನು ತಡೆಯುವದಿಲ್ಲ. ತಲೆಯು ಒಮ್ಮೆಗೇ ನಿಂತಾಗ ಒಳಗಿನ ಮಿದುಳು ಚಲಿಸುವದನ್ನು ಹೊರಗಿನ ಬಟ್ಟೆ ಏನು ಮಾಡೀತು? ಟೊಪ್ಪಿಗೆಯ ಧೈರ್ಯದಿಂದ ತಲೆಯನ್ನೇ ಮುಂದಿಟ್ಟು ನುಗ್ಗುವ ಹುಡುಗಿಗೆ ಅಪಾಯವು ಹೆಚ್ಚು. ಪೆಟ್ಟಾದ ಮೇಲೆ ಕಣ್ಣು ಮಂಜಾದರೆ, ವಾಂತಿ ಬಂದರೆ, ತಲೆ ತಿರುಗಿದರೆ, ಎಲ್ಲಿದ್ದೇನೆಂಬುದು ತೋಚದೆಹೋದರೆ, ಆ ಹುಡುಗಿಯು ಆ ದಿನ ಮತ್ತೆ ಆಡತಕ್ಕದ್ದಲ್ಲ. "ನನಗೇನೂ ಆಗಿಲ್ಲ" ಎಂದು ಅವಳು ಹೇಳುವ ಮಾತನ್ನು ನಾವು ಲಕ್ಷಿಸುವದಿಲ್ಲ. ಅವಳನ್ನು ಒಂಟಿಯಾಗಿ ಮನೆಗೆ ಕಳುಹಿಸುವದೂ ಇಲ್ಲ, ವೈದ್ಯರು ನೋಡಬೇಕು.

ಬೇಡವಾದ ಸಾಮಾನುಗಳ ಪಟ್ಟಿಯು ಬೇಕಾದವುಗಳಿಗಿಂತ ದೊಡ್ಡದು. ಬಳೆ, ಉಂಗುರ, ಓಲೆ, ಮೂಗುತಿ, ಕಾಲಗೆಜ್ಜೆ, ಬಕ್ಕಲು, ಜಿಪ್ಪು, ಗಟ್ಟಿಯಾದ ಕೂದಲ ಪಿನ್ನು, ಇವೆಲ್ಲವೂ ನಿಷಿದ್ಧ. ಉಗುರು ಕತ್ತರಿಸಿರಬೇಕು. ಮೂಗುತಿಯ ವಿಷಯದಲ್ಲಿ ಒಬ್ಬ ಅಜ್ಜಿಯವರು ನಮ್ಮೊಡನೆ ಬಹಳ ಹೊತ್ತು ವಾದಿಸಿದರು. ಕಡೆಗೆ, ಆಟದ ಹೊತ್ತಿಗೆ ತಾವೇ ಬಂದು ಅದನ್ನು ಬಿಚ್ಚಿ ತಮ್ಮ ಸೆರಗಿನಲ್ಲಿ ಗಂಟುಹಾಕಿಕೊಂಡು ಕೂಡುವದಾಗಿ ಒಪ್ಪಿದರು. ಹಾಗೆಯೇ ಬಂದು ಕೂಡುತ್ತಲೂ ಇದ್ದಾರೆ. ಮೊಣಕಾಲು ಕಾಣುವದೆಂಬ ಸಂಕೋಚವುಳ್ಳವರು ಕೇಳಿರಿ: ಚಡ್ಡಿಯ ಒಳಗೆ ಕಾಲು ಮುಚ್ಚುವ ನೀಳವಾದ ಬಿಗಿ ಉಡುಪನ್ನೂ, ಅಪಾಯಕರವಲ್ಲದಿದ್ದರೆ ತಲೆವಸ್ತ್ರವನ್ನೂ ಸ್ತ್ರೀಯರು ತೊಡಬಹುದೆಂದು ಕಾನೂನೇ ಹೇಳಿದೆ. ಎದೆಗೆ ಮೆತ್ತೆಯೂ ಅವರಿಗೆ ಒಪ್ಪಿತವೇ.

ಸದ್ಯಕ್ಕೆ ನಮ್ಮಲ್ಲಿ ಕೆಡಹುವ ಆಟವನ್ನು ಪೂರ್ತಿಯಾಗಿ ತೊಡಗಿಲ್ಲ. ಸೊಂಟದ ಪಟ್ಟಿಗೆ ಎರಡು ಬದಿಯಲ್ಲಿ ಬಟ್ಟೆಯ ತುಂಡು ಸಿಕ್ಕಿಸಿ, ಅದನ್ನು ಕಿತ್ತರೆ ಹಿಡಿದಂತೆಂದು ಎಣಿಸುವ ಟ್ಯಾಗ್ ಆಟವನ್ನೇ ಕಿರಿಯರು ಆಡುತ್ತಾರೆ. ಪಟ್ಟಿಗಳನ್ನು ಹೊಲಿಗೆಯ ತರಗತಿಯವರೇ ಹೊಲಿದುಕೊಟ್ಟರು. ಹಿರಿಯರು ಹಾಸಿಗೆಯ ಮೇಲೆ ಮೊಣಕಾಲೂರಿ, ತಲೆಯನ್ನು ಎದುರಾಳಿಯ ಬದಿಗೆ ಸರಿಸಿ ಹಿಡಿಯುವದನ್ನು ಅಭ್ಯಾಸ ಮಾಡುತ್ತಿದ್ದಾರೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಏನು ಕಳುಹಿಸಬೇಕೆಂದು ಕೇಳಿ ಬರೆದಿದ್ದಾರೆ. ನಿಮ್ಮ ಮಕ್ಕಳಿಗೆ ಗಿಡ್ಡಾದ ಬೂಟುಗಳು, ದಪ್ಪ ಕಾಲುಚೀಲಗಳು, ಅಂಡಾಕಾರದ ಚೆಂಡುಗಳು ಬರಲಿ. ಪ್ರಾಯದವರ ಚೆಂಡು 410ರಿಂದ 460 ಗ್ರಾಮ್ ತೂಗುವದು. ಚಿಕ್ಕವರಿಗೆ ಅದಕ್ಕಿಂತ ಸಣ್ಣದಾದ ನಾಲ್ಕನೆಯ ಅಳತೆಯದು ಬೇಕು. ಹಲ್ಲಿನ ಕವಚವನ್ನು ಮಾತ್ರ, ಒಮ್ಮೆ ಬಳಸಿದ್ದನ್ನು, ದಯಮಾಡಿ ಯಾರೂ ಕಳುಹಿಸಬೇಡಿರಿ.