ಕಂಬಳಿಯ ಕರಿ ಬಣ್ಣ

ಈಗಷ್ಟೇ ಕರಿ ಕಂಬಳಿ ಬಿಸಿಲಿಗೆ ಹರವಿದೆ. ಹತ್ತಿರದಿಂದ ನೋಡಿದ್ರೆ ಅದು ಪೂರ್ತಿ ಕರಿಯಲ್ಲ. ನಡುನಡುವೆ ಕಂದು, ಬೂದು, ಅಲ್ಲೊಂದು ಇಲ್ಲೊಂದು ಬಿಳಿ ಎಳೆ. ಇದು ಅದ್ದಿದ ಬಣ್ಣ ಅಲ್ಲ, ಡೆಕ್ಕನಿ ಕುರಿ ಮೈಮೇಲೇ ಇದ್ದದ್ದು. ಚಳ್ಳಕೆರೆ ಕಡೆ ಕೈಯಲ್ಲಿ ನೂತ ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ, ಒಣಗಿಸಿ ಆಮೇಲೆ ಕುಣಿಮಗ್ಗದಲ್ಲಿ ನೇಯ್ತಾರೆ. ಉಣ್ಣೆ ಮೊದಲೇ ಒರಟು, ಮೇಲೆ ಗಂಜಿ. ಹೊಸದು ಬಿರುಸಾಗಿರೋದು ಅದಕ್ಕೇ. ಹೊದೀತಾ ಹೊದೀತಾ ಮೆತ್ತಗಾಗತ್ತೆ.

ನಾವೋ, ಅಂಗಡಿಯಲ್ಲಿ ಒಮ್ಮೆ ಮುಟ್ಟಿ "ಅಯ್ಯೋ, ಚುಚ್ಚತ್ತೆ" ಅಂತ ಬಿಟ್ಟು, ಅಕ್ರಿಲಿಕ್ ಹೊದಿಕೆ ತರ್ತೀವಿ. ಅದು ಚೆನ್ನಾಗಿರೋದು ತಂದ ದಿನ ಮಾತ್ರ!

ನಿಮ್ಮನೇಲಿ ಕಂಬಳಿ ಇನ್ನೂ ಇದೆಯಾ? ಯಾವೂರಿಂದು, ಹೇಳಿ.