ಪೇಟೆಯಿಂದ ಬಂದ ಬಿಳುಪು

ಬೆಂಗಳೂರಿನ ಹಳೆಯ ಪೇಟೆಯನ್ನು ನೋಡಬೇಕಾದರೆ ಕೈಯಲ್ಲೊಂದು ಚೀಟಿ ಇರಬೇಕು. ಸುಮ್ಮನೆ ತಿರುಗಾಡಲು ಹೋದವರನ್ನು ಅಲ್ಲಿನ ಜನಜಂಗುಳಿ ಹತ್ತೇ ನಿಮಿಷದಲ್ಲಿ ಹೊರಕ್ಕೆ ತಳ್ಳಿಬಿಡುತ್ತದೆ. ಚೀಟಿ ಇದ್ದವರಿಗೆ ಅದು ಓಣಿ ಓಣಿಯಾಗಿ ತೆರೆದುಕೊಳ್ಳುತ್ತದೆ. 2024ರ ದಸರಾ ರಜೆಯಲ್ಲಿ ನನ್ನ ಜೇಬಿನಲ್ಲಿದ್ದ ಚೀಟಿಯಲ್ಲಿ ಇಷ್ಟು ಬರೆದಿತ್ತು: ಸುಣ್ಣ, ನೀಲಿ ಪುಡಿ, ಗೋಂದು, ಎರಡು ಕುಂಚ, ಉಪ್ಪುಕಾಗದ, ಬಲ್ಬು, ಪರದೆ ಬಟ್ಟೆ, ಒಂದು ಹತ್ತಿ ದಿಂಬು.

ಬನಶಂಕರಿಯಿಂದ ಮೆಟ್ರೊ ಹತ್ತಿದರೆ ಕೃಷ್ಣರಾಜ ಮಾರುಕಟ್ಟೆ ಆರನೇ ನಿಲ್ದಾಣ. 2017ರಲ್ಲಿ ಈ ನೆಲದಡಿಯ ಮಾರ್ಗ ಆರಂಭವಾದ ಮೇಲೆ ಪೇಟೆ ನಮಗೆ ಹತ್ತಿರವಾಯಿತು. ಮೆಟ್ಟಿಲು ಹತ್ತಿ ಮೇಲೆ ಬಂದರೆ ಹೂವಿನ ವಾಸನೆ, ಕೊಳೆತ ಸೊಪ್ಪಿನ ವಾಸನೆ ಎರಡೂ ಒಟ್ಟಿಗೇ ಮೂಗಿಗೆ ಹತ್ತುತ್ತವೆ. ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರಿನ ಬೀದಿದೀಪಗಳನ್ನು ಮೊದಲು ಬೆಳಗಿದ್ದು 1905ರಲ್ಲಿ, ಈ ಮಾರುಕಟ್ಟೆಯ ಸುತ್ತಿನಲ್ಲೇ. ಬೆಳಕು ಕೊಳ್ಳಲು ಹೊರಟವನಿಗೆ ಇದು ನೆನಪಾಗದೆ ಇರುತ್ತದೆಯೇ?

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಈ ಪೇಟೆಗೆ ಊರಿಗಿಂತ ಅಂಗಡಿಯ ಲಕ್ಷಣವೇ ಹೆಚ್ಚು. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿ ಬೀದಿಗಳನ್ನು ಗುರುತಿಸಿದರೆಂಬುದು ನಾವೆಲ್ಲ ಕೇಳಿರುವ ಕಥೆ. ಆ ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳನ್ನು ಮಕ್ಕಳಿಗೆ ಹೇಳಿಕೊಟ್ಟರೆ ಅರ್ಧ ಸಮಾಜ ಪಾಠ ಮುಗಿದಂತೆ. ಅರಳೆ ಎಂದರೆ ಬೀಜ ತೆಗೆದ ಹತ್ತಿ ಎಂಬುದು ನನ್ನ ತರಗತಿಯ ನಲವತ್ತು ಮಕ್ಕಳಲ್ಲಿ ಇಬ್ಬರಿಗೆ ಗೊತ್ತಿತ್ತು. ಅವರಿಬ್ಬರೂ ಉತ್ತರ ಕರ್ನಾಟಕದಿಂದ ಬಂದವರು.

ಇಷ್ಟಕ್ಕೂ ನನ್ನ ಚೀಟಿಯ ಕಾರಣ ಹೇಳಬೇಕು. ನನ್ನ ಶ್ರೀಮತಿ ಧಾರವಾಡದ ಕಡೆಯವರು. ಕಸೂತಿ ಹಾಕುವುದು ಅವರಿಗೆ ತಾಯಿಯಿಂದ ಬಂದ ಕೈ. ಎರಡು ವರ್ಷದ ಹಿಂದೆ, ಒಂದು ಗೋಪುರ ಅರ್ಧವಾಗಿದ್ದಾಗಲೇ, ಬಟ್ಟೆಯನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟರು. ‘ಕಪ್ಪು ದಾರ ಯಾವುದು, ಕಡುನೀಲಿ ಯಾವುದು ಗೊತ್ತಾಗುವುದಿಲ್ಲ’ ಎಂದರು. ಆಮೇಲೆ ಸಂಜೆಯ ಓದು ನಿಂತಿತು. ಮನೆಯೇ ಮಂಕು ಎಂಬ ಮಾತು ದಿನಕ್ಕೊಮ್ಮೆ ಬರತೊಡಗಿತು. ವೈದ್ಯರು ನೋಡಿ ಎರಡೂ ಕಣ್ಣಿನಲ್ಲಿ ಪೊರೆ ಎಂದರು. ಸಕ್ಕರೆ ಕಾಯಿಲೆ ಇರುವವರಿಗೆ ಅದು ಬೇಗ ಬರುವುದುಂಟು. ಮೈಸೂರಿನಲ್ಲಿ ಅವರ ಅಕ್ಕನ ಮನೆಯಲ್ಲಿದ್ದುಕೊಂಡು ಬಲಗಣ್ಣಿಗೆ ಮೊದಲು ಶಸ್ತ್ರಚಿಕಿತ್ಸೆ, ಎರಡು ವಾರ ಅಲ್ಲೇ ವಿಶ್ರಾಂತಿ ಎಂದು ತೀರ್ಮಾನವಾಯಿತು. ಪಟ್ಟಿ ಬಿಚ್ಚುವ ತನಕ ನಾನೂ ಜೊತೆಗಿದ್ದು, ‘ಶಾಲೆಯ ಕೆಲಸ ಬಾಕಿ ಇದೆ’ ಎಂದು ಹೇಳಿ ಬೆಂಗಳೂರಿಗೆ ಮರಳಿದೆ. ಕೆಲಸವೇನೋ ಇತ್ತು, ಶಾಲೆಯದಲ್ಲ ಅಷ್ಟೆ.

ಕಣ್ಣಿನ ಮಸೂರ ವಯಸ್ಸಾದಂತೆ ಮಬ್ಬಾಗುವುದು ಮಾತ್ರವಲ್ಲ, ಹಳದಿಗೂ ತಿರುಗುತ್ತದೆ. ಹಳದಿ ಗಾಜು ನೀಲಿ ಬೆಳಕನ್ನು ತಡೆಯುತ್ತದೆಂಬುದನ್ನು ನಾವು ಪ್ರಯೋಗಾಲಯದಲ್ಲಿ ತೋರಿಸುತ್ತೇವಲ್ಲ, ಕಣ್ಣಿನೊಳಗೂ ಅದೇ ಕಥೆ. ಕಡುನೀಲಿ ದಾರ ಕಪ್ಪಾಗಿ ಕಾಣುವುದು ಇದರಿಂದ. ಪೊರೆ ತೆಗೆದು ಕೃತಕ ಮಸೂರ ಕೂರಿಸಿದ ಮೇಲೆ ನೀಲಿ ಬೆಳಕು ಮತ್ತೆ ಒಳಗೆ ಬರುತ್ತದೆ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ 1923ರಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬಳಿಕ ಎಲ್ಲವೂ ವಿಪರೀತ ನೀಲಿಯಾಗಿ ಕಾಣುತ್ತಿದೆ ಎಂದು ಗೊಣಗಿದ್ದರಂತೆ. ಹೊಸ ಕಣ್ಣಿನೊಡನೆ ಬರುವವರಿಗೆ ಎದುರಾಗುವ ಗೋಡೆ ಹಳದಿ ಡಿಸ್ಟೆಂಪರಿನದಾಗಿದ್ದರೆ, ಅದೂ ಹನ್ನೊಂದು ವರ್ಷದ ಹೊಗೆ ಕುಡಿದದ್ದಾಗಿದ್ದರೆ, ಪೊರೆ ತೆಗೆಸಿದ್ದರ ಸುಖವೇನು?

ನಮ್ಮದು ಮೂರನೇ ಅಂತಸ್ತಿನ ಸಣ್ಣ ಫ್ಲಾಟು. ಎರಡು ಕೋಣೆ, ಒಂದು ಅಡುಗೆಮನೆ. ‘ಫೋನಿನಲ್ಲಿ ಒತ್ತಿದರೆ ಪೇಂಟರ್ ಬಾಗಿಲಿಗೆ ಬರುತ್ತಾರೆ ಅಪ್ಪಾ’ ಎಂದ ಕಾಲೇಜಿನಲ್ಲಿ ಓದುವ ಮಗ. ಲೆಕ್ಕ ಹಾಕು ಎಂದೆ. ಮುಂಗೋಣೆ 12 ಅಡಿಗೆ 10 ಅಡಿ, ಸುತ್ತಳತೆ 44, ಎತ್ತರ 10. ಅಲ್ಲಿಗೆ ಗೋಡೆ 440 ಚದರಡಿ. ಬಾಗಿಲು ಕಿಟಕಿ ಕಳೆದರೆ 380. ಇಬ್ಬರು ಗಂಡಸರಿಗೆ ಇದೊಂದು ಕೆಲಸವೇ? ಅವನು ತಲೆಯಾಡಿಸಿದ, ಒಪ್ಪಿದ್ದಕ್ಕೋ ಬೇಸರಕ್ಕೋ ತಿಳಿಯಲಿಲ್ಲ.

ಪೇಟೆಯ ಬಣ್ಣದಂಗಡಿಯಲ್ಲಿ ಸುಣ್ಣ ಕೇಳಿದರೆ ಮಾಲೀಕರು ನನ್ನನ್ನು ಕಾಂಪೌಂಡಿನ ಗೋಡೆಗೆ ಬಳಿಯುವವನೆಂದೇ ತಿಳಿದರು. ಮನೆಯೊಳಕ್ಕೆ ಎಂದಾಗ ಪ್ಲಾಸ್ಟಿಕ್ ಎಮಲ್ಶನ್ನಿನ ಬಣ್ಣದ ಪುಸ್ತಕ ಬಿಡಿಸಿದರು. ಅದರಲ್ಲಿ ಬಿಳಿಯೇ ಒಂದು ಪುಟದಷ್ಟು! ನನಗೆ ಬೇಕಾದದ್ದು ವಾಸನೆ ಬೇಗ ಹೋಗುವ, ಕಣ್ಣಿಗೆ ಹೊಳಪು ಕುಕ್ಕದ ಬಿಳುಪು. ಸುಣ್ಣಕ್ಕೆ ಆ ಎರಡೂ ಗುಣಗಳಿವೆ. ಕೊನೆಗೆ ಅವರೇ ಹಿಂದಿನ ಓಣಿಯ ಅಂಗಡಿ ತೋರಿಸಿದರು. ಅರಳಿಸಿದ ಸುಣ್ಣವನ್ನೇ ತಂದೆ. ಸುಟ್ಟ ಸುಣ್ಣಕ್ಕೆ ಮನೆಯಲ್ಲಿ ನೀರು ಹಾಕುವ ಸಾಹಸವನ್ನು ಮಕ್ಕಳು ಮಾಡಬಾರದು. ಅದು ಕುದಿಯುವಷ್ಟು ಬಿಸಿಯಾಗಿ ಸಿಡಿಯುತ್ತದೆ. ಅರಳಿದ ಸುಣ್ಣವೂ ಪ್ರಬಲ ಕ್ಷಾರವೇ. ಕಣ್ಣಿಗೆ ಬಿದ್ದರೆ ಒಡನೆ ಧಾರಾಳ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಓಡಬೇಕು. ಆದ್ದರಿಂದ ಸಾದರ ಪತ್ರಪ್ಪ ರಸ್ತೆಯಲ್ಲಿ ಬಲ್ಬಿನ ಜೊತೆಗೆ ಎರಡು ರಕ್ಷಣಾ ಕನ್ನಡಕವನ್ನೂ ಕೊಂಡೆ. ಒಬ್ಬರ ಕಣ್ಣಿನ ಸಲುವಾಗಿ ಇನ್ನಿಬ್ಬರ ಕಣ್ಣು ಕಳೆದುಕೊಳ್ಳುವುದು ಬೇಡವಲ್ಲ!

ನೀಲಿ ಪುಡಿ ಹುಡುಕಲು ಮಾತ್ರ ನಾಲ್ಕು ಓಣಿ ಸುತ್ತಬೇಕಾಯಿತು. ಎಲ್ಲರೂ ಬಟ್ಟೆಗೆ ಹಾಕುವ ಬಾಟಲಿ ನೀಲಿ ಕೊಡುತ್ತಾರೆ. ಅದು ಬಟ್ಟೆಗೆಂದೇ ಮಾಡಿದ ದ್ರವ ವರ್ಣ. ನಮ್ಮ ಅಜ್ಜಿಯರು ಸುಣ್ಣಕ್ಕೆ ಚಿಟಿಕೆ ಹಾಕುತ್ತಿದ್ದುದು ಅಲ್ಟ್ರಾಮರೀನ್ ಪುಡಿ. ಒಂದು ಕಾಲದಲ್ಲಿ ಇದನ್ನು ಅಫ್ಘಾನಿಸ್ತಾನದ ಲ್ಯಾಪಿಸ್ ಲಾಜುಲಿ ಎಂಬ ಕಲ್ಲನ್ನು ಅರೆದು ತೆಗೆಯುತ್ತಿದ್ದರು. 1820ರ ದಶಕದಲ್ಲಿ ಕೃತಕವಾಗಿ ತಯಾರಿಸುವ ವಿಧಾನ ಸಿಕ್ಕ ಮೇಲೆ ಅದು ಅಗಸರ ಮನೆಗೂ ಬಂತು. ಸುಣ್ಣದ ಕ್ಷಾರಕ್ಕೆ ಈ ನೀಲಿ ಜಗ್ಗುವುದಿಲ್ಲ, ಹುಳಿಗೆ ಮಾತ್ರ ಕೆಡುತ್ತದೆ. ಬಿಳಿಯ ಒಳಗಿನ ಹಳದಿ ಛಾಯೆಯನ್ನು ಚಿಟಿಕೆ ನೀಲಿ ಮರೆಸುತ್ತದೆ. ಅಜ್ಜಿಯರಿಗೆ ವರ್ಣಶಾಸ್ತ್ರ ಯಾರೂ ಪಾಠ ಮಾಡಿರಲಿಲ್ಲ.

ಹಳೆಯ ಡಿಸ್ಟೆಂಪರನ್ನು ಕೆರೆದು ತೆಗೆಯುವುದೇ ನಿಜವಾದ ಕೆಲಸ. ಅದನ್ನು ಬಿಟ್ಟು ಮೇಲೆಯೇ ಬಳಿದರೆ ಸುಣ್ಣ ಗಾರೆಗೆ ಕಚ್ಚುವುದಿಲ್ಲ, ಹಪ್ಪಳದಂತೆ ಏಳುತ್ತದೆ. ಮೂರು ದಿನ ಗೋಡೆಗೆ ನೀರು ಚಿಮುಕಿಸಿ ಕೆರೆದೆವು. ಮಗನ ಹುಬ್ಬು ಕೂಡ ಹಳದಿಯಾಗಿತ್ತು. ಸಂಜೆ ಏಳಕ್ಕೆ ಸರಿಯಾಗಿ ಮೈಸೂರಿನಿಂದ ಕರೆ ಬರುತ್ತಿತ್ತು, ಅದೂ ಮುಖ ಕಾಣುವ ಕರೆ. ಅವನು ಮುಖ ತೊಳೆದು ಮೆಟ್ಟಿಲ ಬಳಿ ಓಡುತ್ತಿದ್ದ. ‘ದಿನಾ ಯಾಕೋ ಮೆಟ್ಟಿಲ ಮೇಲೆ ಕೂತಿರ್ತೀ?’ ಎಂದರೆ ‘ಒಳಗೆ ಸಿಗ್ನಲ್ ಇಲ್ಲಮ್ಮ’ ಎನ್ನುತ್ತಿದ್ದ.

ಮೊದಲ ಬಳಿತದ ದಿನ ಅವನಿಗೆ ನಿರಾಶೆಯಾಯಿತು. ಒದ್ದೆ ಸುಣ್ಣ ನೀರಿನಂತೆ ಪಾರದರ್ಶಕ, ಗೋಡೆಯ ಕಲೆಯೆಲ್ಲ ಹಾಗೇ ಕಾಣುತ್ತದೆ. ಸಾಯಂಕಾಲಕ್ಕೆ ಒಣಗುತ್ತ ಬಂದಂತೆ ಬಿಳುಪು ತಾನಾಗಿ ಮೇಲೆದ್ದಿತು. ಕಣಗಳ ನಡುವೆ ನೀರಿನ ಬದಲು ಗಾಳಿ ಸೇರಿದಾಗ ಬೆಳಕು ಚದುರುವುದು ಹೆಚ್ಚುತ್ತದೆ ಎಂದು ವಿವರಿಸಿದೆ. ಅವನು ಕೇಳಿಸಿಕೊಳ್ಳದೆ ಫೋಟೊ ತೆಗೆಯುತ್ತಿದ್ದ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ. ರಾಸಾಯನಿಕವಾಗಿ ಅದೂ ಅಮೃತಶಿಲೆಯೂ ಒಂದೇ. ಆ ಅಕ್ಟೋಬರಿನ ನಡುವೆ ಬೆಂಗಳೂರಿನಲ್ಲಿ ಭಾರಿ ಮಳೆ ಹಿಡಿದದ್ದು ಓದುಗರಿಗೆ ನೆನಪಿರಬಹುದು. ಎರಡನೆಯ ಬಳಿತ ಒಣಗಲು ಫ್ಯಾನು ಹಾಕಿ ಎರಡು ದಿನ ಕಾದೆವು.

ಉಳಿದದ್ದು ಸಣ್ಣ ಪುಟ್ಟ ಕೆಲಸ. ಕಿಟಕಿಗೆ ತೆಳು ಖಾದಿಯ ಪರದೆ. ಅದರ ಕೆಳಗೆ ಹಳೆಯ ಟ್ರಂಕು, ಮೇಲೆ ಹೊಸ ದಿಂಬು. ಕೂತವರ ಎಡಭುಜದ ಹಿಂದೆ 9 ವಾಟಿನ ಎಲ್‌ಇಡಿ ದೀಪ. ಬಲಗೈಯಲ್ಲಿ ಸೂಜಿ ಹಿಡಿಯುವವರಿಗೆ ಎಡಗಡೆಯಿಂದ ಬೆಳಕು ಬಿದ್ದರೆ ಕೈಯ ನೆರಳು ಅಡ್ಡ ಬರುವುದಿಲ್ಲ. ಬಲ್ಬು ನೇರ ಕಣ್ಣಿಗೆ ಕಾಣದಂತೆ ಕಾಗದದ ಮರೆ ಮಾಡಿದೆವು. ನೆಲವನ್ನು ಮೂರು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಧೂಳು ಆಗದು. ಅರ್ಧಕ್ಕೆ ನಿಂತ ಕಸೂತಿಯನ್ನು ಪೆಟ್ಟಿಗೆಯಿಂದ ತೆಗೆದು ದಿಂಬಿನ ಪಕ್ಕ ಇಟ್ಟವನು ಮಗ. ನಾನು ಹೇಳಿರಲಿಲ್ಲ.

ಅವರು ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಬಾಗಿಲಲ್ಲೇ ನಿಂತರು. ಏನೂ ಮಾತಾಡದೆ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆ ನೋಡಿದರು. ಆಮೇಲೆ ಬಲಗಣ್ಣು ಮುಚ್ಚಿ ನೋಡಿದರು. ‘ಈ ಕಣ್ಣಿಗೆ ಹಾಲು, ಈ ಕಣ್ಣಿಗೆ ಅರಿಶಿನ ಹಾಕಿದ ಹಾಲು’ ಎಂದರು. ಚೀಲ ಕೆಳಗಿಡದೆ ಕಿಟಕಿಯ ಬಳಿ ಹೋಗಿ ಕೂತು, ದಾರದ ಉಂಡೆಗಳನ್ನು ಮಡಿಲಿಗೆ ಸುರಿದುಕೊಂಡು, ಕಪ್ಪು ಒಂದು ಕಡೆ ನೀಲಿ ಒಂದು ಕಡೆ ಬೇರೆ ಮಾಡತೊಡಗಿದರು. ಮಗ ಕಾಫಿಗೆ ಇಟ್ಟ.

‘ಡಿಸೆಂಬರಿನಲ್ಲಿ ಇನ್ನೊಂದು ಕಣ್ಣಿಗೆ ಹೋಗಬೇಕಲ್ಲ, ಆಗ ಅಡುಗೆಮನೆಯನ್ನೂ ಮಾಡಿಬಿಡಿ’ ಎಂದರು ತಲೆಯೆತ್ತದೆ.